ಉಚಿತ ಚಿಕಿತ್ಸೆಯ ಉದ್ದರಿ ಲೆಕ್ಕ

ಆಯುಷ್ಮಾನ್ ಭಾರತ್-ಆರೋಗ್ಯ ಕರ್ನಾಟಕ ಯೋಜನೆಯ ಅಡಿಯಲ್ಲಿ ದಾಖಲಾದ ಬಿಪಿಎಲ್ ರೋಗಿಯಿಂದ ಆಸ್ಪತ್ರೆ ಒಂದು ರೂಪಾಯಿಯನ್ನೂ ಪಡೆಯುವಂತಿಲ್ಲ. ಹಾಸಿಗೆ, ಊಟ, ರಕ್ತ ಪರೀಕ್ಷೆ, ಶಸ್ತ್ರಚಿಕಿತ್ಸೆ, ಮನೆಗೆ ಹೋದ ಮೇಲಿನ ಹದಿನೈದು ದಿನಗಳ ಮಾತ್ರೆ, ಎಲ್ಲವೂ ಪ್ಯಾಕೇಜಿನೊಳಗೆ, ಅಂದರೆ ಆ ಚಿಕಿತ್ಸೆಗೆ ಗೊತ್ತುಪಡಿಸಿದ ಒಂದೇ ದರದೊಳಗೆ, ಸೇರಿರುತ್ತವೆ. ರೋಗಿ ಕೈಬೀಸಿಕೊಂಡು ಮನೆಗೆ ಹೋಗುತ್ತಾನೆ, ಹೋಗಬೇಕಾದದ್ದೇ. ಆದರೆ ಅವನಿಗೆ ಹಾಕಿದ ಸಲೈನ್ ಬಾಟಲಿಯ ಬಿಲ್ಲು ಆಸ್ಪತ್ರೆಯ ಮೇಜಿನ ಮೇಲೆ ಉಳಿಯುತ್ತದೆ, ಅದನ್ನು ತೀರಿಸುವ ಹಣ ಸರ್ಕಾರದಿಂದ ಬರಲು ಇನ್ನೂ ಸಮಯವಿರುತ್ತದೆ. ಈ ನಡುವಿನ ದಿನಗಳ ಖರ್ಚನ್ನು ಯಾರು ಹೊರಬೇಕು? ಯೋಜನೆಯ ಕೈಪಿಡಿಯಲ್ಲಿ ಎಲ್ಲಿ ಹುಡುಕಿದರೂ ನನಗೆ ಉತ್ತರ ಸಿಗಲಿಲ್ಲ. ನಮ್ಮ ಊರಿನ ಮಟ್ಟಿಗೆ ಅದನ್ನು ಹೇಗೆ ಬಗೆಹರಿಸಿಕೊಂಡೆವು ಎಂಬುದನ್ನು ಇಲ್ಲಿ ಬರೆಯುತ್ತಿದ್ದೇನೆ. ಇಂಥದೇ ಸಣ್ಣ ಆಸ್ಪತ್ರೆಗಳಲ್ಲಿ ಲೆಕ್ಕ ನೋಡುವವರಿಗೆ ಉಪಯೋಗವಾದೀತು.

ನಮ್ಮದು ರಾಯಚೂರು ಜಿಲ್ಲೆಯ ಒಂದು ತಾಲ್ಲೂಕು ಕೇಂದ್ರದಲ್ಲಿರುವ ಟ್ರಸ್ಟ್ ಆಸ್ಪತ್ರೆ. ಸುತ್ತ ತುಂಗಭದ್ರಾ ಎಡದಂಡೆ ನಾಲೆಯ ಭತ್ತದ ಸೀಮೆ. ನಾಲೆಯ ಕೊನೆಯ ಊರುಗಳಿಗೆ ನೀರು ತಲುಪುವುದು ಅನುಮಾನ, ಅಲ್ಲಿಂದ ಬೆಂಗಳೂರಿಗೆ, ಹೈದರಾಬಾದಿಗೆ ಗುಳೆ ಹೋಗುವವರು ಹೆಚ್ಚು. ಆಸ್ಪತ್ರೆಗೆ ಮೊದಲ ಬಂಡವಾಳ ಬಂದದ್ದು ಎಪಿಎಂಸಿ ಪ್ರಾಂಗಣದಿಂದ. ದಲಾಲಿ ಅಂಗಡಿಗಳವರು ಚೀಲಕ್ಕೆ ಇಷ್ಟು ಪೈಸೆ ಎಂದು ಧರ್ಮಾದಾಯ ಎತ್ತಿಡುತ್ತಿದ್ದ ಕಾಲದಲ್ಲಿ ಅದರ ಒಂದು ಪಾಲಿನಿಂದ ಹೆರಿಗೆ ಕೋಣೆ ಕಟ್ಟಿಸಿದರು. ಆಮೇಲೆ ಅಕ್ಕಿ ಗಿರಣಿಯವರು ಬಂದರು, ವಾರ್ಡುಗಳು ಬಂದವು. ಇವತ್ತಿಗೂ ನಮ್ಮಲ್ಲಿ ಕಲ್ಲುಬೆಂಚಿನ ಮೇಲೆ, ನೀರಿನ ತೊಟ್ಟಿಯ ಮೇಲೆ, ಕೊನೆಗೆ ಫ್ಯಾನಿನ ರೆಕ್ಕೆಯ ಮೇಲೂ ದಾನಿಗಳ ಹೆಸರಿದೆ. ಫ್ಯಾನು ತಿರುಗುವಾಗ ಯಾರ ಹೆಸರೂ ಓದಲಾಗುವುದಿಲ್ಲ. ದಾನಿಗಳು ಅದಕ್ಕೆ ಬೇಸರ ಪಟ್ಟುಕೊಂಡದ್ದನ್ನು ನಾನು ಕಂಡಿಲ್ಲ, ಕರೆಂಟು ಹೋಗುವುದು ನಮ್ಮಲ್ಲಿ ಅಪರೂಪವೇನೂ ಅಲ್ಲ.

ನಾನು ಇಲ್ಲಿ ಲೆಕ್ಕಪತ್ರ ಬರೆಯಲು ಸೇರಿದವಳು. ಆಗ 'ಬಡವರ ಖಾತೆ' ಎಂಬ ಕೆಂಪು ರಟ್ಟಿನ ಪುಸ್ತಕವೊಂದಿತ್ತು. ಕೊಡಲಾಗದವರ ಬಿಲ್ಲನ್ನು ಹಿರಿಯ ವೈದ್ಯರು ಅದರಲ್ಲಿ ಬರೆದು ಸಹಿ ಹಾಕಿದರೆ ಬಿಲ್ಲು ಮಾಫಿ. ವರ್ಷದ ಕೊನೆಗೆ ಆ ಮೊತ್ತವನ್ನು ಟ್ರಸ್ಟಿಗಳು ತಮ್ಮಲ್ಲೇ ಹಂಚಿಕೊಂಡು ತುಂಬುತ್ತಿದ್ದರು, ಪೂರ್ತಿ ತುಂಬದೆ ಉಳಿದದ್ದು ಮುಂದಿನ ವರ್ಷಕ್ಕೆ ಜಾರುತ್ತಿತ್ತು. ಲೆಕ್ಕಪರಿಶೋಧಕರಿಗೆ ಆ ಪುಸ್ತಕ ಕಂಡರೆ ಆಗುತ್ತಿರಲಿಲ್ಲ. ನನಗೋ ಅದರ ಮೇಲೆ ಗೌರವವಿತ್ತು. ಯಾರಿಗೆ, ಎಷ್ಟು, ಯಾರ ಮಾತಿನ ಮೇಲೆ ಎಂಬುದು ಒಂದೇ ಸಾಲಿನಲ್ಲಿ ಇರುತ್ತಿತ್ತು.

ಸರ್ಕಾರದ ಹಣದಿಂದ ಬಡರೋಗಿಗಳಿಗೆ ಚಿಕಿತ್ಸೆ ಎಂಬುದು ನಮ್ಮ ರಾಜ್ಯಕ್ಕೆ ಹೊಸದಲ್ಲ. 2003ರಲ್ಲಿ ಶುರುವಾದ ಯಶಸ್ವಿನಿ ಯೋಜನೆಯಲ್ಲಿ ಸಹಕಾರ ಸಂಘಗಳ ಸದಸ್ಯರಾದ ರೈತರು ವರ್ಷಕ್ಕೆ ಸಣ್ಣ ವಂತಿಗೆ ಕಟ್ಟಿ ಶಸ್ತ್ರಚಿಕಿತ್ಸೆ ಮಾಡಿಸಿಕೊಳ್ಳಬಹುದಿತ್ತು. ನಮ್ಮ ಕಡೆ ಇಂದಿಗೂ ಯಾವ ಕಾರ್ಡ್ ತಂದರೂ 'ಯಶಸ್ವಿನಿ ಕಾರ್ಡ್' ಎನ್ನುವ ಹಿರಿಯರಿದ್ದಾರೆ. ಆಮೇಲೆ 2010ರಲ್ಲಿ ವಾಜಪೇಯಿ ಆರೋಗ್ಯಶ್ರೀ ಬಂತು, ಅದು ಮೊದಲು ಜಾರಿಯಾದದ್ದು ನಮ್ಮ ಕಲಬುರಗಿ ವಿಭಾಗದಲ್ಲೇ. ಹೃದಯ, ಕ್ಯಾನ್ಸರ್, ಮೂತ್ರಪಿಂಡದಂತಹ ದೊಡ್ಡ ಕಾಯಿಲೆಗಳಿಗೆ ಮೀಸಲಾಗಿದ್ದರಿಂದ ನಮ್ಮಂಥವರಿಗೆ ಅದರಲ್ಲಿ ಪಾಲಿರಲಿಲ್ಲ. 2018ರ ಮಾರ್ಚ್‌ನಲ್ಲಿ ಈ ಯೋಜನೆಗಳನ್ನೆಲ್ಲ ಸೇರಿಸಿ 'ಆರೋಗ್ಯ ಕರ್ನಾಟಕ' ಮಾಡಿದರು. ಅದೇ ವರ್ಷದ ಅಕ್ಟೋಬರ್ ಕೊನೆಗೆ ಕೇಂದ್ರದ ಆಯುಷ್ಮಾನ್ ಭಾರತ್ ಜೊತೆ ಅದು ಒಂದಾಯಿತು. ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಪೂರ್ತಿ ಉಚಿತ, ಎಪಿಎಲ್ ಕುಟುಂಬಕ್ಕೆ ಪ್ಯಾಕೇಜ್ ದರದ ಶೇ 30ರಷ್ಟನ್ನು ಸರ್ಕಾರ ಕೊಡುತ್ತದೆ, ಅದಕ್ಕೆ ವರ್ಷದ ಮಿತಿ 1.5 ಲಕ್ಷ. ಸಹಕಾರ ಸಂಘದವರ ಒತ್ತಾಯದ ಮೇಲೆ ಯಶಸ್ವಿನಿ 2022ರಲ್ಲಿ ಮತ್ತೆ ಬೇರೆಯಾಗಿ ಜೀವ ತಳೆಯಿತು ಎಂಬುದು ಬೇರೆ ಮಾತು.

ಈ ಯೋಜನೆಗೆ ನಮ್ಮ ಆಸ್ಪತ್ರೆ ನೋಂದಾಯಿಸಿಕೊಳ್ಳಬೇಕೇ ಎಂಬ ಚರ್ಚೆ ಟ್ರಸ್ಟಿನ ಸಭೆಯಲ್ಲಿ ಜೋರಾಗಿಯೇ ನಡೆಯಿತು. ವೈದ್ಯರೆಲ್ಲ ಪರವಾಗಿದ್ದರು. ಅಕ್ಕಿ ಗಿರಣಿಯ ಸಾಹುಕಾರರೊಬ್ಬರು ಮಾತ್ರ ಕೈಕಟ್ಟಿ ಕುಳಿತಿದ್ದರು. ಲೆವಿ ಅಕ್ಕಿಯ ಕಾಲದಿಂದ ಸರ್ಕಾರಕ್ಕೆ ಸರಕು ಕೊಟ್ಟು ಬಿಲ್ಲು ಕಾದ ಅನುಭವ ಅವರದು. "ಹಣ ಬರುತ್ತದೆ ಎಂಬುದರಲ್ಲಿ ನನಗೆ ಸಂಶಯವಿಲ್ಲ ಡಾಕ್ಟರೇ, ಬರುವವರೆಗೆ ನಮ್ಮ ಹತ್ತಿರ ಏನಿದೆ ಎಂದು ಈ ಅಕ್ಕನವರನ್ನು ಕೇಳಿ" ಎಂದು ನನ್ನತ್ತ ಬೆರಳು ತೋರಿಸಿದರು. ಬ್ಯಾಂಕಿನಲ್ಲಿದ್ದ ಮೊತ್ತ ಒಂದು ತಿಂಗಳ ಸಂಬಳಕ್ಕೆ ಸರಿಹೋಗುವಷ್ಟಿತ್ತು. ಅದನ್ನೇ ಹೇಳಿದೆ. ಆದರೂ ಠರಾವು ಪಾಸಾಯಿತು. ಪಾಸಾಗದಿದ್ದರೆ ಕೆಂಪು ಪುಸ್ತಕವೇ ದಪ್ಪವಾಗುತ್ತ ಹೋಗುತ್ತಿತ್ತು, ಅದೂ ಎಲ್ಲರಿಗೂ ಗೊತ್ತಿತ್ತು.

ನೋಂದಣಿಯ ಕೆಲಸ ದೊಡ್ಡದೆಂದು ಜನ ಹೆದರಿಸುತ್ತಾರೆ. ನನ್ನ ಮಟ್ಟಿಗೆ ಇಡೀ ಪಯಣದಲ್ಲಿ ಸುಲಭವಾದ ಭಾಗ ಅದೇ. ಆನ್‌ಲೈನ್ ಅರ್ಜಿ, ಅದರ ಹಿಂದೆ ಕಾಗದಗಳ ಸಾಲು: ಖಾಸಗಿ ಆಸ್ಪತ್ರೆಗಳಿಗಿರುವ ಕೆಪಿಎಂಇ ಕಾಯ್ದೆಯಡಿ ನೋಂದಣಿ, ಜೈವಿಕ ತ್ಯಾಜ್ಯಕ್ಕೆ ಮಾಲಿನ್ಯ ನಿಯಂತ್ರಣ ಮಂಡಳಿಯ ಅನುಮತಿ, ತ್ಯಾಜ್ಯ ಒಯ್ಯುವ ಸಂಸ್ಥೆಯ ಜೊತೆಗಿನ ಕರಾರು, ಅಗ್ನಿಶಾಮಕ ಇಲಾಖೆಯ ನಿರಾಕ್ಷೇಪಣಾ ಪತ್ರ, ಎಕ್ಸ್‌ರೇ ಯಂತ್ರದ ನೋಂದಣಿ, ಸ್ಕ್ಯಾನಿಂಗ್ ಯಂತ್ರಕ್ಕೆ ಲಿಂಗಪತ್ತೆ ನಿಷೇಧ ಕಾಯ್ದೆಯ ನೋಂದಣಿ, ಪ್ರತಿ ವೈದ್ಯರ ವೈದ್ಯಕೀಯ ಪರಿಷತ್ತಿನ ನೋಂದಣಿ ಸಂಖ್ಯೆ. ಕನಿಷ್ಠ ಹತ್ತು ಹಾಸಿಗೆ, ಹಗಲು ರಾತ್ರಿ ಒಬ್ಬ ಅರ್ಹ ವೈದ್ಯ ಇರಲೇಬೇಕು. ಬಹುತೇಕ ಎಲ್ಲವೂ ನಮ್ಮಲ್ಲಿದ್ದವು. ಅಗ್ನಿಶಾಮಕ ಪತ್ರವೊಂದೇ ತೊಡಕಾಯಿತು. ಹಳೆಯ ಕಟ್ಟಡ, ಹಿಂದಿನ ಮೆಟ್ಟಿಲಿನ ಬಾಗಿಲಿಗೆ ಯಾವ ಕಾಲದಲ್ಲೋ ಯಾರೋ ಬೀರು ಅಡ್ಡ ಇಟ್ಟಿದ್ದರು. ಬೀರನ್ನು ಸರಿಸಿದಾಗ ಅದರ ಹಿಂದೆ ಟ್ರಸ್ಟಿನ ಹಳೆಯ ಠರಾವು ಪುಸ್ತಕಗಳೇ ಸಿಕ್ಕವು. ಪರಿಶೀಲನೆಗೆ ಬಂದ ಜಿಲ್ಲಾ ತಂಡದವರು ಪ್ರತಿ ಕೋಣೆಯ ಫೋಟೊ ತೆಗೆದರು, ತುರ್ತು ಔಷಧಗಳ ಟ್ರಾಲಿಯ ಪ್ರತಿ ಖಾನೆ ಎಳೆದು ನೋಡಿದರು, ಅವಧಿ ಮೀರಿದ ಒಂದು ಇಂಜೆಕ್ಷನ್ನಾದರೂ ಸಿಗಲಿ ಎಂದು ಹುಡುಕಿದಂತಿತ್ತು. ಸಿಗಲಿಲ್ಲ. ನಮ್ಮ ಹಿರಿಯ ನರ್ಸ್ ಅವರ ಹಿಂದೆ ಹಿಂದೆಯೇ ನಡೆದು ಖಾನೆಗಳನ್ನು ಮುಚ್ಚುತ್ತಿದ್ದರು.

ನೋಂದಣಿ ಮುಗಿದರೆ ರೋಗಿಗಳು ನೇರವಾಗಿ ಬಂದು ಸೇರಬಹುದೆಂದು ಊರಿನವರು ಭಾವಿಸಿದ್ದರು. ಕರ್ನಾಟಕದ ಯೋಜನೆ ಹಾಗಿಲ್ಲ. ಆಗಿನ ಪಟ್ಟಿಯಲ್ಲಿ ಒಟ್ಟು 1,650 ಚಿಕಿತ್ಸೆಗಳಿದ್ದವು. ಸರಳವಾದವು ಸರ್ಕಾರಿ ಆಸ್ಪತ್ರೆಯಲ್ಲೇ ಆಗಬೇಕು. ಅಲ್ಲಿ ಸೌಲಭ್ಯವಿಲ್ಲದ, ಹೆಚ್ಚು ತೊಡಕಿನ ಚಿಕಿತ್ಸೆಗೆ ಅಲ್ಲಿನ ವೈದ್ಯರು ರೆಫರಲ್ ಪತ್ರ ಕೊಟ್ಟರೆ ಮಾತ್ರ ಖಾಸಗಿ ಅಥವಾ ಟ್ರಸ್ಟ್ ಆಸ್ಪತ್ರೆಗೆ ಬರಬಹುದು. ಪತ್ರವಿಲ್ಲದೆ ಸೇರಿಸಿಕೊಳ್ಳಬಹುದಾದ ತುರ್ತು ಚಿಕಿತ್ಸೆಗಳು 169 ಮಾತ್ರ. ಹೀಗಾಗಿ ನಮ್ಮ ಬಾಗಿಲಿಗೆ ಬಂದ ಪಿತ್ತಕೋಶದ ಕಲ್ಲಿನ ರೋಗಿಯನ್ನು ನಾವೇ ತಾಲ್ಲೂಕು ಆಸ್ಪತ್ರೆಗೆ ಕಳಿಸುತ್ತಿದ್ದೆವು. ಅಲ್ಲಿನ ವೈದ್ಯರು ಆ ದಿನ ಜಿಲ್ಲಾ ಕೇಂದ್ರಕ್ಕೆ ಸಭೆಗೆ ಹೋಗಿದ್ದರೆ ಕೂಲಿ ಕಳೆದುಕೊಂಡು ಬಂದವರು ಮರುದಿನ ಮತ್ತೆ ಬರಬೇಕು. ಕೆಲವರಿಗೆ ಪತ್ರ ರಾಯಚೂರಿನ ದೊಡ್ಡ ಸರ್ಕಾರಿ ಆಸ್ಪತ್ರೆಗೇ ಸಿಗುತ್ತಿತ್ತು. ಅಲ್ಲಿ ಆ ಶಸ್ತ್ರಚಿಕಿತ್ಸೆಗೆ ಸೌಲಭ್ಯವಿದ್ದರೆ ಅದೂ ನ್ಯಾಯವೇ.

ಈ ನಿಯಮವನ್ನು ಬೈಯುವವರು ನಮ್ಮ ವೃತ್ತಿಯಲ್ಲಿ ಬಹಳ ಜನ. ನಾನು ಬೈಯುವುದಿಲ್ಲ. 2015ರ ಸುಮಾರಿಗೆ ನಮ್ಮ ವಿಭಾಗದ ಕಲಬುರಗಿ ಜಿಲ್ಲೆಯ ತಾಂಡಾಗಳಲ್ಲಿ ಬಡ ಹೆಣ್ಣುಮಕ್ಕಳ ಗರ್ಭಕೋಶವನ್ನು ಬೇಕಾಬಿಟ್ಟಿಯಾಗಿ ತೆಗೆದ ಪ್ರಕರಣ ಹೊರಬಂದು ತನಿಖೆ ನಡೆದದ್ದನ್ನು ಮರೆಯಲಾಗುವುದಿಲ್ಲ. ಹೊಟ್ಟೆನೋವು ಎಂದು ಬಂದವರಿಗೆ ಕ್ಯಾನ್ಸರ್ ಭಯ ಹುಟ್ಟಿಸಿದರೆ ಅವರು ಎಮ್ಮೆ ಮಾರಿಯಾದರೂ ಆಪರೇಷನ್ ಮಾಡಿಸಿಕೊಳ್ಳುತ್ತಾರೆ. ಇನ್ನು ಸರ್ಕಾರವೇ ಹಣ ಕೊಡುವಂತಾದರೆ ಕೇಳುವವರು ಯಾರು? ನಡುವೆ ಇನ್ನೊಬ್ಬ ವೈದ್ಯರ ಸಹಿ ಇರುವುದು ಒಳ್ಳೆಯದೇ.

ರೆಫರಲ್ ಬಂದ ಮೇಲೆ ಆರೋಗ್ಯಮಿತ್ರರ, ಅಂದರೆ ಆಸ್ಪತ್ರೆಯಲ್ಲಿ ಯೋಜನೆಯ ಕೆಲಸ ನೋಡುವ ಸಹಾಯಕರ, ಮೇಜು. ರೇಷನ್ ಕಾರ್ಡ್, ಆಧಾರ್, ಬೆರಳಚ್ಚು. ಇಲ್ಲಿ ಕೈಕೊಡುವುದು ಹೆಸರುಗಳು. ನಮ್ಮ ಸೀಮೆಯಲ್ಲಿ ಹುಲಿಗೆಮ್ಮ ಎಂಬ ಹೆಸರಿನವರು ಮನೆಗೊಬ್ಬರು. ಒಂದೇ ಹೆಣ್ಣುಮಗಳು ರೇಷನ್ ಕಾರ್ಡಿನಲ್ಲಿ ಹುಲಿಗೆಮ್ಮ, ಆಧಾರ್‌ನಲ್ಲಿ ಹುಲುಗಮ್ಮ, ತಾಲ್ಲೂಕು ಆಸ್ಪತ್ರೆಯ ಚೀಟಿಯಲ್ಲಿ ಬರೀ ಹುಲಿಗಿ. ಗದ್ದೆಯಲ್ಲಿ ನಾಟಿ ಮಾಡಿ ಮಾಡಿ ಬೆರಳ ಗೆರೆ ಸವೆದವರ ಬೆರಳಚ್ಚು ಯಂತ್ರಕ್ಕೆ ಹತ್ತುವುದಿಲ್ಲ. ಬೆರಳಿಗೆ ಎಣ್ಣೆ ಸವರಿ, ಒರೆಸಿ, ಮತ್ತೆ ಒತ್ತಿಸುವ ಉಪಾಯವನ್ನು ನಮ್ಮ ಆರೋಗ್ಯಮಿತ್ರ ಹುಡುಗಿ ಯಾರಿಂದ ಕಲಿತಳೋ ಗೊತ್ತಿಲ್ಲ, ಒಮ್ಮೊಮ್ಮೆ ಕೆಲಸ ಮಾಡುತ್ತಿತ್ತು.

ಗುರುತು ಖಚಿತವಾದರೆ ಪೂರ್ವಾನುಮತಿಗೆ ಕಾಗದಗಳು ಹೋಗುತ್ತವೆ: ರೋಗನಿರ್ಣಯ, ಸ್ಕ್ಯಾನ್ ವರದಿ, ರೋಗಿಯ ಫೋಟೊ, ಯಾವ ಸಂಖ್ಯೆಯ ಪ್ಯಾಕೇಜ್ ಎಂಬ ವಿವರ. ಇಲ್ಲಿ ವಿಮಾ ಕಂಪನಿ ಇಲ್ಲ. ರಾಜ್ಯ ಸರ್ಕಾರದ ಸುವರ್ಣ ಆರೋಗ್ಯ ಸುರಕ್ಷಾ ಟ್ರಸ್ಟ್ ನೇರವಾಗಿ ಆಸ್ಪತ್ರೆಗೆ ಹಣ ಕೊಡುವ ಪದ್ಧತಿ. ಕೇಂದ್ರದ ಪಟ್ಟಿಯಲ್ಲಿರುವ ಕುಟುಂಬಗಳಿಗೆ ಕೇಂದ್ರ 60, ರಾಜ್ಯ 40ರ ಪಾಲಿನಲ್ಲಿ ಹೊರುತ್ತವೆ, ಆ ಪಟ್ಟಿಯ ಹೊರಗಿನ ಬಿಪಿಎಲ್ ಕುಟುಂಬಗಳ ಹೊರೆ ಪೂರ್ತಿ ರಾಜ್ಯದ್ದು. ಅನುಮತಿ ಸಿಕ್ಕಿದರೆ ಶಸ್ತ್ರಚಿಕಿತ್ಸೆ, ಬಿಡುಗಡೆ, ಆಮೇಲೆ ಕ್ಲೇಮ್, ಅಂದರೆ ಪ್ಯಾಕೇಜಿನ ಹಣ ಕೇಳುವ ಕಡತ.

ಕ್ಲೇಮ್ ಎಂದರೆ ಡಿಸ್ಚಾರ್ಜ್ ದಿನದಂದು ಒಂದು ಗುಂಡಿ ಒತ್ತುವುದು ಎಂದು ನಮ್ಮ ಶಸ್ತ್ರವೈದ್ಯರು ತಿಳಿದಿದ್ದರು. ಆಪರೇಷನ್ ಟಿಪ್ಪಣಿ, ಅರಿವಳಿಕೆ ಟಿಪ್ಪಣಿ, ದಿನದಿನದ ಕೇಸ್ ಶೀಟ್, ಬಯಾಪ್ಸಿ ವರದಿ, ಹೊಲಿಗೆ ಕಾಣುವ ಫೋಟೊ, ಮೂಳೆಗೆ ಹಾಕಿದ ರಾಡ್ ಅಥವಾ ಪ್ಲೇಟಿನ ಸ್ಟಿಕರ್, ಡಿಸ್ಚಾರ್ಜ್ ಸಾರಾಂಶ. ಇವುಗಳಲ್ಲಿ ಎರಡು ಕಡೆ ದಿನಾಂಕ ಬೇರೆಯಾದರೆ ಪ್ರಶ್ನೆ ಬರುತ್ತದೆ. ಉತ್ತರ ಕೊಟ್ಟ ಮೇಲೆ ಕಡತ ಮತ್ತೆ ಸಾಲಿನಲ್ಲಿ ನಿಲ್ಲುತ್ತದೆ. ವಾರಕ್ಕೆರಡು ಬಾರಿ ಜಿಲ್ಲಾ ಕೇಂದ್ರದಿಂದ ಬರುತ್ತಿದ್ದ ಮೂಳೆ ವೈದ್ಯರು ಅಕ್ಷರ ಬರೆಯುವುದನ್ನೇ ಶಿಕ್ಷೆ ಎಂದು ಭಾವಿಸಿದವರು. ಅವರ ಟಿಪ್ಪಣಿ ಮೂರು ಸಾಲು, ಅದರಲ್ಲಿ ಒಂದು ಅವರ ಸಹಿ. ಕೊನೆಗೆ ಆಪರೇಷನ್ ಕೋಣೆಯ ಬಾಗಿಲಲ್ಲೇ ಒಂದು ಮೇಜು ಹಾಕಿ, ಟಿಪ್ಪಣಿ ಮುಗಿಸದೆ ಅವರ ಕಾರಿನ ಚಾಲಕನಿಗೆ ಚಹಾ ಕೊಡಬಾರದು ಎಂದು ನಮ್ಮ ನರ್ಸ್ ಕಟ್ಟಾಜ್ಞೆ ಮಾಡಿದರು. ಚಾಲಕನೇ ವೈದ್ಯರನ್ನು ಅವಸರಪಡಿಸತೊಡಗಿದ.

ಈಗ ಹಣದ ವಿಚಾರ. ಕ್ಲೇಮ್ ಬಂದ ಹದಿನೈದು ದಿನಗಳೊಳಗೆ ಹಣ ಕೊಡಬೇಕೆಂಬುದು ಆಯುಷ್ಮಾನ್ ಯೋಜನೆಯ ಮಾನದಂಡ. ಯಾರ ತಪ್ಪೂ ಇಲ್ಲದೆ, ಎಲ್ಲರೂ ತಮ್ಮ ತಮ್ಮ ಗಡುವಿನೊಳಗೇ ಕೆಲಸ ಮುಗಿಸಿದರೂ ನಡುವೆ ಎಷ್ಟು ದಿನ ಜಾರುತ್ತದೆ ನೋಡಿ. ರೋಗಿ ಆಸ್ಪತ್ರೆಯಲ್ಲಿರುವ ದಿನಗಳಲ್ಲಿ ಔಷಧ ಖರ್ಚಾಗುತ್ತಿರುತ್ತದೆ. ಬಯಾಪ್ಸಿ ವರದಿ ಬೇರೆ ಊರಿನಿಂದ ಬರಬೇಕು, ಅದಿಲ್ಲದೆ ಕೆಲವು ಕಡತ ಮುಂದೆ ಹೋಗುವುದಿಲ್ಲ. ಒಂದು ಪ್ರಶ್ನೆ ಬಂದರೆ ಎಣಿಕೆ ಮತ್ತೆ ಮೊದಲಿನಿಂದ. ಇದೆಲ್ಲ ಸೇರಿ ಸರಾಸರಿ ಎರಡು ತಿಂಗಳು ಎಂದು ಇಟ್ಟುಕೊಳ್ಳೋಣ. ಲೆಕ್ಕ ತಿಳಿಯಲು ದುಂಡು ಅಂಕಿ ತೆಗೆದುಕೊಳ್ಳುತ್ತೇನೆ, ಇವು ಯಾವ ನಿಜ ಪ್ಯಾಕೇಜಿನ ದರವೂ ಅಲ್ಲ. ಒಂದು ಪ್ಯಾಕೇಜ್ 20,000 ರೂಪಾಯಿ. ಔಷಧ ಮತ್ತು ಸಾಮಗ್ರಿಗೆ 6,000, ಹೊರಗಿನಿಂದ ಬರುವ ಶಸ್ತ್ರವೈದ್ಯರಿಗೆ 4,000, ಅರಿವಳಿಕೆ ತಜ್ಞರಿಗೆ 2,000, ನರ್ಸುಗಳ ಸಂಬಳ, ಊಟ, ವಿದ್ಯುತ್ ಸೇರಿ 5,000. ಒಟ್ಟು 17,000 ಹೋಗಿ 3,000 ಉಳಿಯುತ್ತದೆ. ಯಾವುದೋ ಕಾಗದ ಸಾಲದೆಂದು ಶೇ 10 ಕಡಿತವಾದರೆ ಉಳಿಯುವುದು 1,000. ಕಾಗದದ ಮೇಲೆ ಇದು ಲಾಭವೇ. ಆದರೆ ತಿಂಗಳಿಗೆ ಇಂಥ 40 ರೋಗಿಗಳೆಂದರೆ, ಯಾವ ದಿನ ನೋಡಿದರೂ 80 ರೋಗಿಗಳ ಖರ್ಚು, ಅಂದರೆ 13 ಲಕ್ಷ 60 ಸಾವಿರ ರೂಪಾಯಿ, ಆಸ್ಪತ್ರೆಯ ಕೈಬಿಟ್ಟು ಹೊರಗಿರುತ್ತದೆ. ರೋಗಿಗಳು ಹೆಚ್ಚಾದಷ್ಟೂ ಹೊರಗಿರುವ ಹಣ ಹೆಚ್ಚುತ್ತದೆ. ಲಾಭದಲ್ಲಿರುವ ಆಸ್ಪತ್ರೆಯೊಂದು ಹತ್ತಿ ಕೊಳ್ಳಲು ಹಣವಿಲ್ಲದೆ ನಿಲ್ಲುವುದು ಹೀಗೆ.

ನಮ್ಮಲ್ಲಿ ಆ ಹೊರಗಿನ ಹಣವನ್ನು ಹೊತ್ತವರು ಔಷಧದ ಸಗಟು ವ್ಯಾಪಾರಿ. ಬಡವರಿಗೆ ಉಚಿತ ಚಿಕಿತ್ಸೆ ಎಂದು ಗೋಡೆಯ ಮೇಲೆ ಬಣ್ಣದ ಫಲಕವಿತ್ತು, ಅದರಲ್ಲಿ ಇರಬೇಕಾದ ಒಂದು ಹೆಸರು ಅವರದು. ಅವರ ಉದ್ದರಿ ಚೀಟಿಗಳು ನನ್ನ ಮೇಜಿನ ಮೊಳೆಗೆ ಚುಚ್ಚಿಕೊಂಡು ಬೆಳೆಯುತ್ತಿದ್ದವು. ಮೊದಲು ಅವರು ರಿಯಾಯಿತಿ ನಿಲ್ಲಿಸಿದರು. ಆಮೇಲೆ ದುಬಾರಿ ಆ್ಯಂಟಿಬಯಾಟಿಕ್ ಅನ್ನು ನಗದಿಗೆ ಮಾತ್ರ ಎಂದರು. ಕೊನೆಗೆ ತಾವೇ ಬಂದು ಕುಳಿತು, "ಮೇಡಂ, ನನಗೂ ಕಂಪನಿಯವರು ಕೊಡುವುದು ಇಪ್ಪತ್ತೊಂದು ದಿನದ ಗಡುವು. ನಿಮ್ಮ ರೋಗಿಗಳ ಮೇಲೆ ನನಗೆ ಕನಿಕರವಿದೆ, ಕಂಪನಿಗೆ ಇಲ್ಲವಲ್ಲ" ಎಂದರು. ಅದರಲ್ಲಿ ಜಗಳಾಡಲು ಏನೂ ಇರಲಿಲ್ಲ.

ನಮ್ಮ ಎದುರಿನ ತಾಲ್ಲೂಕು ಆಸ್ಪತ್ರೆಯ ಸ್ಥಿತಿ ಬೇರೆ. ಸರ್ಕಾರಿ ಆಸ್ಪತ್ರೆಗಳೂ ಇದೇ ಯೋಜನೆಯಲ್ಲಿ ಕ್ಲೇಮ್ ಸಲ್ಲಿಸುತ್ತವೆ, ಆ ಹಣ ಅವುಗಳ ಆರೋಗ್ಯ ರಕ್ಷಾ ಸಮಿತಿಯ ಖಾತೆಗೆ ಸೇರುತ್ತದೆ. 2005ರಲ್ಲಿ ಬಂದ ಗ್ರಾಮೀಣ ಆರೋಗ್ಯ ಅಭಿಯಾನದ ಕಾಲದಿಂದ ಆಸ್ಪತ್ರೆಗೊಂದು ಇಂಥ ಸಮಿತಿ, ತಾಲ್ಲೂಕು ಮಟ್ಟದಲ್ಲಿ ಅದಕ್ಕೆ ಶಾಸಕರೇ ಅಧ್ಯಕ್ಷರು. ಅಲ್ಲಿ ಸಿಬ್ಬಂದಿಯ ಸಂಬಳ ಖಜಾನೆಯಿಂದ ಬರುತ್ತದೆ, ಔಷಧದ ಹೆಚ್ಚಿನ ಪಾಲು ಸರ್ಕಾರದ ಉಗ್ರಾಣದಿಂದ ಬರುತ್ತದೆ. ಕ್ಲೇಮ್ ಹಣ ಇವತ್ತು ಬಂದರೂ ಮುಂದಿನ ತಿಂಗಳು ಬಂದರೂ ವಾರ್ಡ್ ನಡೆಯುತ್ತದೆ. ಇದನ್ನು ನಾನು ಅಸೂಯೆಯಿಂದ ಹೇಳುತ್ತಿಲ್ಲ, ಅಲ್ಲಿನ ಹೆರಿಗೆ ವಾರ್ಡಿನ ನೂಕುನುಗ್ಗಲು ನೋಡಿದವರು ಯಾರೂ ಅಸೂಯೆ ಪಡಲಾರರು. ಒಂದೇ ಯೋಜನೆಯ ಹಣ ಒಂದು ಕಡೆ ಸೇರ್ಪಡೆ, ಇನ್ನೊಂದು ಕಡೆ ಅದೇ ಜೀವನಾಧಾರ ಎಂದಷ್ಟೇ ನನ್ನ ಮಾತು.

ಹಣ ಹುಡುಕಲು ಹೊರಟೆವು. ಮೊದಲು ಊರಿನ ಒಂದು ಸೌಹಾರ್ದ ಸಹಕಾರಿ. ಅನುಮೋದನೆಯಾದ ಕ್ಲೇಮುಗಳ ಪಟ್ಟಿ ತೋರಿಸಿ ಓವರ್‌ಡ್ರಾಫ್ಟ್ ಕೇಳಿದೆ. ವ್ಯವಸ್ಥಾಪಕರು ಪಟ್ಟಿಯನ್ನು ಆಸ್ಥೆಯಿಂದ ಓದಿ, ಬಂಗಾರ ಇದೆಯೇ ಎಂದು ಕೇಳಿದರು. ಸರ್ಕಾರದಿಂದ ಬರಬೇಕಾದ ಬಾಕಿಯನ್ನು ಭದ್ರತೆ ಎಂದು ಹಿಡಿಯಲು ಅವರ ನಿಯಮದಲ್ಲಿ ಅವಕಾಶವಿರಲಿಲ್ಲ. ಆಸ್ಪತ್ರೆಯ ಜಾಗ ದಾನದ್ದು, ಅಡ ಇಡುವಂತಿಲ್ಲ.

ಕಂಪನಿಗಳ ಸಾಮಾಜಿಕ ಹೊಣೆಗಾರಿಕೆ (ಸಿಎಸ್‌ಆರ್) ನಿಧಿಯ ಕಡೆ ತಿರುಗಿದೆವು. 2013ರ ಕಂಪನಿ ಕಾಯ್ದೆಯಂತೆ ದೊಡ್ಡ ಕಂಪನಿಗಳು ಮೂರು ವರ್ಷಗಳ ಸರಾಸರಿ ಲಾಭದ ಶೇ 2ರಷ್ಟನ್ನು ಇಂಥ ಕೆಲಸಕ್ಕೆ ಖರ್ಚು ಮಾಡಬೇಕು, ಆರೋಗ್ಯ ಆ ಪಟ್ಟಿಯಲ್ಲಿದೆ. ಹಣ ಪಡೆಯುವ ಸಂಸ್ಥೆ 2021ರ ಏಪ್ರಿಲ್‌ನಿಂದ ಸರ್ಕಾರದಲ್ಲಿ ಸಿಎಸ್‌ಆರ್-1 ನಮೂನೆಯಲ್ಲಿ ನೋಂದಾಯಿಸಿಕೊಂಡಿರಬೇಕು. ಅದನ್ನೂ ಮಾಡಿಸಿದೆವು. ಒಂದು ಕಂಪನಿಯವರು ಬಂದು ಆಸ್ಪತ್ರೆ ನೋಡಿ ಮೆಚ್ಚಿ, ಡಯಾಲಿಸಿಸ್ ಯಂತ್ರ ಕೊಡುತ್ತೇವೆ ಎಂದರು. ನಮ್ಮಲ್ಲಿ ಡಯಾಲಿಸಿಸ್‌ಗೆ ತಂತ್ರಜ್ಞರೂ ಇರಲಿಲ್ಲ, ಶುದ್ಧ ನೀರಿನ ಘಟಕವೂ ಇರಲಿಲ್ಲ. ಔಷಧ ವ್ಯಾಪಾರಿಯ ಬಾಕಿ ತೀರಿಸಲು ಒಂದು ತಿರುಗುವ ಮೊತ್ತ ಬೇಕು ಎಂದಾಗ ಅವರ ಮುಖದಲ್ಲಿ ಗೊಂದಲ ಕಂಡಿತು. ಅದರ ಫೋಟೊ ಹೇಗೆ ತೆಗೆಯುವುದು? ಯಾರು ರಿಬ್ಬನ್ ಕತ್ತರಿಸುವುದು? ಅವರು ಹಾಗೆಂದು ಬಾಯಿಬಿಟ್ಟು ಹೇಳಲಿಲ್ಲ, 'ಪ್ರಸ್ತಾವ ಕಳಿಸಿ' ಎಂದರು. ಶಾಸಕರ, ಸಂಸದರ ಪ್ರದೇಶಾಭಿವೃದ್ಧಿ ನಿಧಿ, ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿ, ಗಣಿಗಾರಿಕೆ ಇರುವ ಜಿಲ್ಲೆಗಳಲ್ಲಿ 2015ರ ತಿದ್ದುಪಡಿಯ ನಂತರ ಬಂದ ಜಿಲ್ಲಾ ಖನಿಜ ಪ್ರತಿಷ್ಠಾನ, ಎಲ್ಲವನ್ನೂ ಸಭೆಯಲ್ಲಿ ಹೆಸರಿಸಿದರು. ಎಲ್ಲವೂ ಕಟ್ಟಡ, ಯಂತ್ರ, ಆಂಬುಲೆನ್ಸ್ ಎಂದರೆ ಓಗೊಡುವ ನಿಧಿಗಳು. ಕಣ್ಣಿಗೆ ಕಾಣುವ ವಸ್ತುವಿಗೆ ಹಣ ಕೊಡುವವರು ಎಲ್ಲೆಡೆ ಇದ್ದಾರೆ.

ದಾರಿ ತೆರೆದದ್ದು ಎಪಿಎಂಸಿಯ ಒಬ್ಬ ದಲಾಲಿ ಅಂಗಡಿಯವರಿಂದ. ಅವರು ಟ್ರಸ್ಟಿಯೂ ಅಲ್ಲ, ಹೆಂಡತಿಯ ಚಿಕಿತ್ಸೆಗೆ ಬಂದಿದ್ದವರು. ನನ್ನ ಮೊಳೆಯ ಮೇಲಿನ ಚೀಟಿಗಳನ್ನು ಕಂಡು ವಿಚಾರಿಸಿದರು. ನಾನು 80 ರೋಗಿಗಳ ಲೆಕ್ಕ ಹೇಳಿದೆ. ಕೇಳಿ ಮುಗಿಯುವ ಮೊದಲೇ, "ಇದು ನಮ್ಮ ಅಂಗಡಿಯದೇ ಲೆಕ್ಕವಲ್ಲವೇ? ನಾಟಿಗೆ ರೈತನಿಗೆ ಮುಂಗಡ ಕೊಡುತ್ತೇವೆ, ಸುಗ್ಗಿಗೆ ಚೀಲ ಬರುತ್ತದೆ. ನಡುವಿನ ತಿಂಗಳು ದಾಟಿಸುವುದೇ ದಂಧೆ" ಎಂದರು. ಬೆಂಗಳೂರಿನಿಂದ ಬಂದ ಸಿಎಸ್‌ಆರ್ ಅಧಿಕಾರಿಗೆ ಒಂದು ಮಧ್ಯಾಹ್ನವಿಡೀ ವಿವರಿಸಿದರೂ ತಲುಪಿಸಲಾಗದ ವಿಷಯವನ್ನು ಇವರು ಬೆಂಚಿನ ಮೇಲೆ ಕುಳಿತಲ್ಲೇ ಹಿಡಿದರು. ದಲಾಲಿಯವರ ಮುಂಗಡದ ಬಡ್ಡಿಯ ಬಗ್ಗೆ ನನಗೆ ನನ್ನದೇ ಅಭಿಪ್ರಾಯವಿದೆ, ಅದನ್ನು ಆ ಹೊತ್ತಿನಲ್ಲಿ ಹೇಳಲಿಲ್ಲ.

ಅವರ ಮೂಲಕ ವರ್ತಕರ ಸಂಘದ ಸಭೆಗೆ ಹೋದೆ. ಕೇಳಿದ್ದು ದಾನವನ್ನು, ಆದರೆ ಕರಗದ ದಾನವನ್ನು. ಪ್ರತಿ ರೋಗಿಗೆ ಪೂರ್ವಾನುಮತಿ ಸಿಕ್ಕ ಮೇಲೆ ಅವನ ಔಷಧದ ಬಿಲ್ಲನ್ನು ನಿಧಿಯಿಂದ ತಕ್ಷಣ ಕೊಡುತ್ತೇವೆ, ಕ್ಲೇಮ್ ಹಣ ಬಂದ ದಿನವೇ ಅಷ್ಟನ್ನು ನಿಧಿಗೆ ಮರಳಿಸುತ್ತೇವೆ, ಕಡಿತವಾದರೆ ಆ ನಷ್ಟ ಟ್ರಸ್ಟಿನ ಸಾಮಾನ್ಯ ಖಾತೆಗೆ, ನಿಧಿಗಲ್ಲ. ಸಂಬಳಕ್ಕೆ, ರಿಪೇರಿಗೆ, ಬಣ್ಣಕ್ಕೆ ಇದರಿಂದ ಒಂದು ಪೈಸೆಯನ್ನೂ ಮುಟ್ಟುವಂತಿಲ್ಲ. ಪ್ರತಿ ಮೂರು ತಿಂಗಳಿಗೆ ಸಂಘದ ಇಬ್ಬರು ಬಂದು ಪುಸ್ತಕ ನೋಡಬಹುದು. ಹೆಸರು ಎಲ್ಲಿ ಹಾಕುತ್ತೀರಿ ಎಂಬ ಪ್ರಶ್ನೆ ನಿರೀಕ್ಷೆಯಂತೆ ಬಂತು. ಗೋಡೆಯಿಲ್ಲ, ಫ್ಯಾನಿಲ್ಲ, ಖಾತೆ ಪುಸ್ತಕದ ಮೊದಲ ಪುಟದಲ್ಲಿ ಬರೆಯುತ್ತೇವೆ ಎಂದೆ. ಕೆಲವರು ನಕ್ಕರು. ಆದರೂ ಕೊಟ್ಟರು. ಒಬ್ಬಿಬ್ಬರು ನಗದು ಕೊಡಲು ಬಂದಾಗ, 2,000 ರೂಪಾಯಿ ದಾಟಿದ ನಗದು ದಾನಕ್ಕೆ ಆದಾಯ ತೆರಿಗೆಯ 80ಜಿ ವಿನಾಯಿತಿ ಸಿಗುವುದಿಲ್ಲ, ಚೆಕ್ ಕೊಡಿ ಎಂದೆ. "ವಿನಾಯಿತಿ ಯಾರಿಗೆ ಬೇಕು" ಎಂದವರ ಕೈಯಿಂದಲೂ ಚೆಕ್ಕನ್ನೇ ಬರೆಸಿಕೊಂಡೆ. ಲೆಕ್ಕ ಕೊಡುವವಳು ನಾನು.

ಲೆಕ್ಕಪರಿಶೋಧಕರು ಒಂದು ಎಚ್ಚರಿಕೆ ಹೇಳಿದರು. ತೆರಿಗೆ ವಿನಾಯಿತಿ ಉಳಿಯಬೇಕಾದರೆ ಧರ್ಮಾರ್ಥ ಟ್ರಸ್ಟ್ ತನ್ನ ವರ್ಷದ ಆದಾಯದ ಶೇ 85ರಷ್ಟನ್ನು ಉದ್ದೇಶಕ್ಕೆ ಖರ್ಚು ಮಾಡಬೇಕು, ಸುತ್ತುತ್ತಲೇ ಇರುವ ಹಣವನ್ನು ಬರೀ ದೇಣಿಗೆ ಎಂದು ಬರೆದರೆ ಖರ್ಚಾಗದ ಆದಾಯದಂತೆ ಕಾಣುತ್ತದೆ. ಆದ್ದರಿಂದ ಪ್ರತಿ ದಾನಿಯಿಂದ, ಈ ಮೊತ್ತ ಮೂಲನಿಧಿಗೆ ಸೇರತಕ್ಕದ್ದು ಎಂದು ಲಿಖಿತವಾಗಿ ಪಡೆದು ಬೇರೆ ಬ್ಯಾಂಕ್ ಖಾತೆ ತೆರೆದೆವು. ಇಂಥ ನಿಧಿ ಮಾಡಲು ಹೊರಡುವವರು ಈ ಕಾಗದವನ್ನು ಹಣಕ್ಕಿಂತ ಮೊದಲು ಸಿದ್ಧಪಡಿಸಿಕೊಳ್ಳಲಿ. ದಾನಿಗಳು ಚೆಕ್ ಕೊಟ್ಟ ಮೇಲೆ ಸಹಿಗೆ ಸಿಗುವುದು ಕಷ್ಟ.

ನಿಧಿ ನಾವು ಬಯಸಿದಷ್ಟು ದೊಡ್ಡದಾಗಲಿಲ್ಲ, ಔಷಧದ ಬಿಲ್ಲಿಗೆ ಮಾತ್ರ ಸಾಕಾಗುತ್ತದೆ. ಅಷ್ಟರಿಂದಲೇ ಸಗಟು ವ್ಯಾಪಾರಿ ರಿಯಾಯಿತಿಯನ್ನು ಮತ್ತೆ ಕೊಡತೊಡಗಿದರು. ನಗದಿಗೆ ಕೊಳ್ಳುವವರಿಗೆ ದರವೇ ಬೇರೆ. ಆ ರಿಯಾಯಿತಿಯ ಹಣ ಕಡಿತಗಳ ನಷ್ಟವನ್ನು ಬಹುಮಟ್ಟಿಗೆ ತುಂಬುತ್ತದೆ ಎಂಬುದು ನಾನು ಮೊದಲು ಎಣಿಸಿರದ ಲಾಭ. ಮೂಳೆ ವೈದ್ಯರು ತಮ್ಮ ಶುಲ್ಕವನ್ನೂ ಇದರಿಂದಲೇ ಕೊಡಿ ಎಂದು ಕೇಳಿದ್ದಾರೆ. ವರ್ತಕರು ಒಪ್ಪಿಲ್ಲ. ಡಾಕ್ಟರು ಕಾಯಬಹುದು, ಸಲೈನ್ ಕಾಯಲಾರದು ಎಂಬುದು ಅವರ ವಾದ.

ಈಗಿನ ತಕರಾರು ಎಪಿಎಲ್ ರೋಗಿಗಳದು. ಕಾರ್ಡ್ ಎಪಿಎಲ್ ಆದರೂ ಮನೆಯ ಸ್ಥಿತಿ ಹಾಗಿರದವರು ನಮ್ಮಲ್ಲಿ ಬಹಳ. ಮಗ ಬೆಂಗಳೂರಿನಲ್ಲಿ ಭದ್ರತಾ ಸಿಬ್ಬಂದಿಯಾಗಿ ಸೇರಿದ್ದಾನೆ, ಸಾಲದಲ್ಲಿ ಒಂದು ಗಾಡಿ ಕೊಂಡಿದ್ದಾನೆ, ಕಾರ್ಡ್ ಬದಲಾಗಿದೆ. ಅವರಿಗೆ ಸರ್ಕಾರ ಕೊಡುವುದು ಶೇ 30, ಉಳಿದ 70 ಅವರೇ ಕೊಡಬೇಕು. ಅದನ್ನು ಕಂತಿನಲ್ಲಿ ಕಟ್ಟಲು ಬಿಡೋಣ, ಅಲ್ಲಿಯವರೆಗೆ ನಿಧಿ ಹೊರಲಿ ಎಂದು ಹಿರಿಯ ವೈದ್ಯರು ಹೇಳುತ್ತಾರೆ. "ಸರ್ಕಾರದ ಬಾಕಿ ಬೇರೆ, ಮನೆಯವರ ಬಾಕಿ ಬೇರೆ. ಎರಡನ್ನೂ ಒಂದೇ ಪುಸ್ತಕದಲ್ಲಿ ಬರೆದರೆ ಎರಡು ವರ್ಷದಲ್ಲಿ ಪುಸ್ತಕವೇ ಉಳಿಯುವುದಿಲ್ಲ" ಎನ್ನುತ್ತಾರೆ ಪುಸ್ತಕ ನೋಡಲು ಬರುವ ವರ್ತಕರು. ನನಗೆ ವರ್ತಕರ ಮಾತೇ ಸರಿ ಎನಿಸುತ್ತದೆ, ವೈದ್ಯರ ಮುಂದೆ ಹಾಗೆಂದು ಹೇಳಿಯೂ ಇದ್ದೇನೆ. ಎಪಿಎಲ್‌ನವರಿಗೆ ಬೇರೆ ಖಾತೆ, ಅದಕ್ಕೊಂದು ಮಿತಿ, ವಸೂಲಾಗದದ್ದನ್ನು ಟ್ರಸ್ಟಿಗಳೇ ಹಂಚಿಕೊಳ್ಳುವುದು ಎಂಬ ಪ್ರಸ್ತಾವ ಬರೆದಿಟ್ಟಿದ್ದೇನೆ. ದೀಪಾವಳಿಗೆ ಅಂಗಡಿಗಳಲ್ಲಿ ಹೊಸ ಖಾತೆ ಪುಸ್ತಕದ ಪೂಜೆ ಮುಗಿದ ಮೇಲೆ ಸಭೆ. ಅಷ್ಟರೊಳಗೆ ಕಳೆದ ವರ್ಷ ಬಂದ ಎಪಿಎಲ್ ರೋಗಿಗಳಲ್ಲಿ ಎಷ್ಟು ಜನ ಪೂರ್ತಿ ಕಟ್ಟಿದರು, ಎಷ್ಟು ಜನ ಚಿಕಿತ್ಸೆಯನ್ನೇ ಬಿಟ್ಟು ಹೋದರು ಎಂಬ ಪಟ್ಟಿ ಕೇಳಿದ್ದಾರೆ. ಕಟ್ಟಿದವರ ಪಟ್ಟಿ ನನ್ನ ಬಳಿ ಇದೆ. ಬಿಟ್ಟು ಹೋದವರದನ್ನು ಹೊರರೋಗಿ ಚೀಟಿಗಳ ಕಟ್ಟುಗಳಿಂದ ತೆಗೆಯಬೇಕು, ಆರೋಗ್ಯಮಿತ್ರ ಹುಡುಗಿ ನಾಳೆಯಿಂದ ಮಧ್ಯಾಹ್ನ ಕುಳಿತುಕೊಳ್ಳುತ್ತೇನೆ ಎಂದಿದ್ದಾಳೆ.